ಬಲಕ್ಕೆ ಹದಿನೇಳು ಸುತ್ತು

ದೇಶವೆಲ್ಲ ಮುಷ್ಕರ ಹೂಡಿ ಅದು ಮೂರನೆಯ ದಿನ. ರಾಬರ್ಟ್‌ಸನ್‌ಪೇಟೆಯಲ್ಲಿ ಮೂಲೆಮೂಲೆಗೂ ಮಿಲಿಟರಿಯವರು ನಿಂತಿದ್ದರು. ಗಣಿ ಕಾರ್ಮಿಕರ ಸಾಲುಮನೆಗಳಾದ ಊರಿಗಾಂ ಲೈನುಗಳಿಗೆ ನೀರು ಬಿಡುವ ಕೆಲಸವೂ ಅವರ ತಲೆಗೇ ಬಿತ್ತು. ಹದಿನಾಲ್ಕು ವರ್ಷದಿಂದ ಆ ನೀರು ಬಿಡುತ್ತಿದ್ದ ಕದಿರಪ್ಪ ರಸ್ತೆಯಾಚೆ ಮುಷ್ಕರದ ಶಾಮಿಯಾನದಡಿ ಕಾಲ ಮೇಲೆ ಕಾಲು ಹಾಕಿ ಕೂತು ತಮಾಷೆ ನೋಡುತ್ತಿದ್ದ. ಮುಷ್ಕರ ಶುರುವಾಗುವ ಹಿಂದಿನ ದಿನವೇ ಎರಡು ಸಲ ನೀರು ಬಿಟ್ಟು, ತುಂಬಿಸಿಟ್ಟುಕೊಳ್ಳಿ ಎಂದು ಮನೆಮನೆಗೂ ಹೇಳಿ ಬಂದವನು ಅವನು. ಈಗ ಆ ನೀರೂ ಮುಗಿದಿತ್ತು.

ಅವನ ತಕರಾರು ಒಂದೇ. ಕೆಲಸ ಕಾಯಂ ಮಾಡಿ ಎಂದು ಅರ್ಜಿ ಕೊಟ್ಟಾಗಲೆಲ್ಲ, ನೀನು ಇಲ್ಲಿ ದುಡಿದಿದ್ದಕ್ಕೆ ದಾಖಲೆ ಎಲ್ಲಯ್ಯಾ ಎಂದು ಕಚೇರಿಯವರು ಕೇಳುತ್ತಿದ್ದರು. ನಾಲ್ವರು ಗುತ್ತಿಗೆದಾರರು ಬಂದು ಹೋದರು, ಪುಣ್ಯಾತ್ಮರು ಒಬ್ಬರೂ ಅವನ ಹೆಸರನ್ನು ಕಾಗದದ ಮೇಲೆ ಬರೆದಿರಲಿಲ್ಲ.

ಮೂವರು ಸೈನಿಕರು ರಸ್ತೆ ಬದಿಯ ವಾಲ್ವ್ ಗುಂಡಿಗೆ ಕಬ್ಬಿಣದ ಕೀ ಇಳಿಸಿ ಎಡಕ್ಕೆ ಎಳೆದರು. ವಾಲ್ವ್ ಜಗ್ಗಲಿಲ್ಲ. ಇನ್ನಷ್ಟು ಬಲ ಹಾಕಲು ನಾಲ್ಕನೆಯವನು ಕೀಗೆ ಸಿಕ್ಕಿಸುವ ಉದ್ದನೆಯ ಪೈಪು ತಂದ. ಕದಿರಪ್ಪ ಕಾಲಿಳಿಸಿ ಎದ್ದು ನಿಂತ. ಅದು ಚಿನ್ನದ ಗಣಿ ಕಂಪನಿ ಕಾಲದ ವಾಲ್ವ್, ಬಲಕ್ಕೆ ತಿರುಗಿಸಿದರೆ ಮಾತ್ರ ತೆರೆಯುತ್ತದೆ. ಎಡಕ್ಕೆ ಇನ್ನೂ ಬಲ ಹಾಕಿದರೆ ಮುರಿಯುತ್ತದೆ, ಲೈನುಗಳಿಗೆ ಹದಿನೈದು ದಿನ ಹನಿ ನೀರಿಲ್ಲ.

ಪಕ್ಕದಲ್ಲಿದ್ದ ಕಾರ್ಮಿಕ ಸಂಘದ ಸುಧಾಕರ್ ಅವನ ತೋಳು ಹಿಡಿದ. "ಓಗ್ಬೇಡ ಕಣ್ಲಾ. ಮುರೀಲಿ, ಆಗ್ಲಾದ್ರೂ ನಿನ್ ಬೆಲೆ ಗೊತ್ತಾಯ್ತದೆ."

"ಬೆಲೆ ಗೊತ್ತಾಗೋದು ಅವ್ರಿಗೆ, ಬಾಯಿ ಒಣಗೋದು ನಮ್ಮೋರ್ದು" ಎಂದು ತೋಳು ಬಿಡಿಸಿಕೊಂಡು ಕದಿರಪ್ಪ ರಸ್ತೆ ದಾಟಿದ. "ಎಳೀಬೇಡ್ರಿ ಸಾ, ಮುರಿದೋಯ್ತದೆ."

ಆ ಸೈನಿಕರ ಮೇಲಧಿಕಾರಿ ಸುಬೇದಾರ್ ವಿಜಯಕುಮಾರ್ ವೇಲೂರು ಕಡೆಯವರು. ಮುಷ್ಕರದವನಿಗೆ ಇಲ್ಲೇನು ಕೆಲಸ ಎಂದು ತಮಿಳಿನಲ್ಲಿ ಕೇಳಿದರು.

"ಕೀ ಮುಟ್ಟಾಕಿಲ್ಲ ಸಾ. ಬಾಯಲ್ಲಿ ಯೋಳ್ತೀನಿ, ನಿಮ್ಮೋರು ತಿರುಗಿಸ್ಲಿ."

ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. "ಬಲಕ್ಕೆ. ಒಟ್ಟು ಅದಿನೇಳು ಸುತ್ತು. ಎಂಟಾದ್ಮೇಲೆ ನಿಲ್ಸಿ, ಗಾಳಿ ಓಗ್ಲಿ."

ಎಂಟಕ್ಕೆ ಪೈಪು ಬುಸುಗುಟ್ಟಿತು. ಹದಿನೇಳಕ್ಕೆ ಬೀದಿ ನಲ್ಲಿಯಲ್ಲಿ ನೀರು ಧುಮುಕಿತು, ಸಾಲುಗಟ್ಟಿದ್ದ ಬಿಂದಿಗೆಗಳು ಮುಂದೆ ಸರಿದವು. ಕದಿರಪ್ಪನಿಗೆ ಹೆಮ್ಮೆಯಾಯಿತು, ಯಾಕಾಗಬಾರದು?

ಸುಬೇದಾರರು ರಿಜಿಸ್ಟರ್ ತೆರೆದು, ತೋರಿಸಿಕೊಟ್ಟವರ ಹೆಸರು ಬರೆಯಬೇಕು ಎಂದರು.

"ಅದಿನಾಲ್ಕು ವರ್ಷದಿಂದ ಈ ವಾಲ್ವ್ ನೋಡ್ಕೊಂತಿರೋ ಕದಿರಪ್ಪ ಅಂತ ಬರೀರಿ ಸಾ. ನಂಗೂ ಒಂದು ಕಾಪಿ ಕೊಡಿ, ಸೀಲಾಕಿ."

"ಹದಿನಾಲ್ಕು ವರ್ಷಕ್ಕೆ ಸಾಕ್ಷಿ ಯಾರು?"

ನಲ್ಲಿಯ ಹತ್ತಿರದಿಂದ ಮುದುಕಿ ನರಸಮ್ಮ ಬಿಂದಿಗೆ ಸೊಂಟಕ್ಕೇರಿಸಿಕೊಂಡೇ ಬಂದಳು. "ಇವನು ಬಿಟ್ಟ ನೀರು ಕುಡ್ದೇ ನನ್ ಮೊಮ್ಮಕ್ಳು ಬೆಳ್ದಿರೋದು. ಬರ್ಕೊಳಪ್ಪ, ಎಬ್ಬೆಟ್ಟು ಒತ್ತುತೀನಿ."

ಸುಬೇದಾರರು ಬರೆದರು, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು, ಸಹಿ ಹಾಕಿ ಸೀಲನ್ನೂ ಒತ್ತಿ ಒಂದು ಕಾಪಿ ಕೊಟ್ಟರು. ಕದಿರಪ್ಪ ಕಾಗದ ಮಡಚಿ ಜೇಬಿಗಿಟ್ಟು ಶಾಮಿಯಾನಕ್ಕೆ ಮರಳಿ ತನ್ನ ಜಾಗದಲ್ಲೇ ಕೂತ. ಅವನಿಗೆ ಅಳುವೂ ಬಂತು, ನಗುವೂ ಬಂತು. ದುಡಿದ ಹದಿನಾಲ್ಕು ವರ್ಷದಲ್ಲಿ ಸಿಗದ ದಾಖಲೆ ಕೆಲಸ ಮಾಡದೆ ಕೂತ ದಿನ ಸಿಕ್ಕಿತ್ತು.