ಎಂಜಿನ್ನಿನ ಬಿಸಿನೀರು

ಕುಬಿಹಾಳಕ್ಕೆ ಸೊಸೆಯಾಗಿ ಬಂದ ಮೂರನೇ ದಿನವೇ ನಾನೊಂದು ಸುಳ್ಳು ಹೇಳಿದೆ. ನಸುಕಿನಲ್ಲಿ ಬಚ್ಚಲ ಹಂಡೆಗೆ ಉರಿ ಹಚ್ಚು ಎಂದಿದ್ದರು ಅತ್ತೆ. ಹತ್ತಿಕಟ್ಟಿಗೆ ಹಸಿಯಾಗಿತ್ತು, ಊದಿ ಊದಿ ಸಾಕಾಯಿತು. “ನಮ್ಮ ಅಣ್ಣಿಗೇರಿಯಾಗ ಹಂಡೇಕ್ಕ ಉರಿ ಹಚ್ಚೂದ ಇಲ್ರಿ. ಸ್ಟೇಷನ್ನಿಗೆ ಹೋಗಿ ಎಂಜಿನ್ನಿನ ಬಿಸಿನೀರು ಹಿಡಕೊಂಡು ಬರ್ತಿದ್ವಿ,” ಎಂದುಬಿಟ್ಟೆ. ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. ನನ್ನ ಗಂಡ ಬಂದು ಊದುಗೊಳವೆ ಇಸಿದುಕೊಂಡರು. ಅಂದಿನಿಂದ ನಲವತ್ತು ವರ್ಷ ಹಂಡೆ ಒಲೆ ಅವರದು, ನಸುಕಿನ ನಿದ್ದೆ ನನ್ನದು.

ನಿಜ ಹೇಳಬೇಕೆಂದರೆ ನಾನು ಎಂಜಿನ್ನಿನ ಹತ್ತಿರ ಸುಳಿದವಳೇ ಅಲ್ಲ. ಅದು ಸಿಳ್ಳೆ ಹಾಕಿದರೆ ಅವ್ವನ ಸೆರಗಿನಲ್ಲಿ ಅಡಗುತ್ತಿದ್ದೆ.

ಈ ಸಲ ಸುಗ್ಗಿ ಮುಗಿದ ಮೇಲೆ ಮಗಳು ಅರುಣಾ ನಮ್ಮಿಬ್ಬರನ್ನೂ ಊಟಿಯ ಉಗಿಬಂಡಿಗೆ ಕರೆದುಕೊಂಡು ಹೋದಳು. ಎಂಜಿನ್ನು ಹಿಂದಿನಿಂದ ನೂಕಿ ಡಬ್ಬಿಗಳನ್ನು ಗುಡ್ಡ ಹತ್ತಿಸುತ್ತಿತ್ತು. “ಬಂಡಿ ಹಿಂದ ಎತ್ತು ಹೂಡ್ಯಾರಲ್ಲ,” ಎಂದು ನಮ್ಮವರು ನಕ್ಕರು. ಚಪ್ಪಟೆ ಎರೆಹೊಲ ಬಿಟ್ಟರೆ ಬೇರೇನೂ ಕಾಣದ ನಾನು, ಬುಡವೇ ಕಾಣದ ಆ ಕಣಿವೆ ನೋಡಿ ಹಿಗ್ಗಿದೆ. ಅಷ್ಟರಲ್ಲಿ ಎಂಜಿನ್ನಿಗೆ ನೀರು ತುಂಬಿಸಲು ಕಾಡಿನ ನಡುವೆ ಬಂಡಿ ನಿಂತಿತು.

“ಯವ್ವಾ, ಇಳಿ ಬೇ. ನೀರು ಹೆಂಗ ಹಿಡೀತಿದ್ದಿ, ತೋರಸು,” ಎಂದು ಅರುಣಾ ತಂಬಿಗೆ ಕೈಗಿಟ್ಟಳು. ನಮ್ಮವರು ಆಗಲೇ ಇಳಿದು ಎಂಜಿನ್ನಿನ ಬಳಿ ನಿಂತಿದ್ದರು.

ಡ್ರೈವರ್ ಕೊಡುವುದಿಲ್ಲ ಎಂದರೆ ನನ್ನ ಬಂಡವಾಳ ಬಯಲು. ಈ ವಯಸ್ಸಿನಲ್ಲಿ ನಸುಕಿನಲ್ಲಿ ಏಳುವವರು ಯಾರು? ಹೆದರುತ್ತಲೇ ತಂಬಿಗೆ ಚಾಚಿದೆ. ಡ್ರೈವರ್ ನನ್ನ ಮುಖ ನೋಡಿದ, ತಂಬಿಗೆ ನೋಡಿದ, ನಕ್ಕು ಒಂದು ನಳ ತಿರುಗಿಸಿದ. ಕುದಿಯುವ ನೀರು ತುಂಬಿತು. ಕುಡಿಯಬೇಡಿ ಎಂದು ಕೈಸನ್ನೆ ಮಾಡಿದ.

ನಮ್ಮವರು ತಂಬಿಗೆಯನ್ನು ನೋಡುತ್ತಲೇ ಇದ್ದರು. “ಖರೇನ ಹೇಳಿದ್ದಿ ಫಕೀರವ್ವ. ನಾನು ಒಂದಿನಾನೂ ನಂಬಿರಲಿಲ್ಲ. ತಪ್ಪಾತು,” ಎಂದರು.

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ತಪ್ಪಾಯಿತು ಎಂದದ್ದಕ್ಕೆ ನಾಚಿಕೆಯಿಂದ ಸಾಯುವಂತಾಯಿತು.

“ಸುಳ್ರೀ ಅದು. ನಿದ್ದಿ ಸಲುವಾಗಿ ಹೇಳಿದ್ದೆ. ಊರಿಗೆ ಹೋದ ಮ್ಯಾಲೆ ಹಂಡೆ ಒಲಿ ನಾನ ಹಚ್ಚತೀನಿ.”

ಅವರ ಮುಖ ಬಿಳಿಚಿಕೊಂಡಿತು. “ಬ್ಯಾಡ ಬ್ಯಾಡ. ಅದು ನನ್ನ ಕೆಲಸ. ನೀ ನಸುಕಿನ್ಯಾಗ ಬಚ್ಚಲ ಕಡೆ ಬರಬ್ಯಾಡ.”

ಇಷ್ಟೇಕೆ ಗಾಬರಿ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರ ಕೈ ಅಂಗಿಯ ಕಿಸೆ ಮುಟ್ಟುತ್ತಿತ್ತು. ನಾನೇ ಕೈ ಹಾಕಿದೆ. ಬೀಡಿಕಟ್ಟು. ಮದುವೆಯ ದಿನ ನಮ್ಮಪ್ಪನ ಎದುರು ದೇವರ ಭಂಡಾರದ ಅರಿಸಿನ ಮುಟ್ಟಿ, ಇನ್ನು ಸೇದುವುದಿಲ್ಲ ಎಂದು ಆಣೆ ಮಾಡಿದ್ದ ಬೀಡಿ. ಒಲೆಯ ಹೊಗೆಯಲ್ಲಿ ಬೀಡಿ ಹೊಗೆ ಯಾರಿಗೆ ಗೊತ್ತಾಗಬೇಕು!

ಕಟ್ಟನ್ನು ಹಾಗೇ ತಂಬಿಗೆಯ ಕುದಿನೀರಿಗೆ ಹಾಕಿದೆ. ಅರುಣಾ ನಕ್ಕು ನಕ್ಕು ಕೂತೇಬಿಟ್ಟಳು.

“ಹಂಗಾರ ಇನ್ನ ಒಲಿ ಯಾರು ಹಚ್ಚೂದು?” ಎಂದರು ಅವರು, ಸಣ್ಣ ದನಿಯಲ್ಲಿ.

“ನೀವ.”

ಇಷ್ಟು ವರ್ಷ ಸುಳ್ಳು ಹೇಳಿ ಮಲಗಿದೆ. ಇನ್ನು ಮೇಲೆ ಹಕ್ಕಿನಿಂದ ಮಲಗುತ್ತೇನೆ.