ಬಲಗಡೆ ಗೂಡಿನ ಪಾಲು

ಇಲಿಗಳೆಲ್ಲ ಒಂದೇ ಸಮನೆ ಬೀಳುತ್ತಿದ್ದವು. ಸಂಶೋಧಕಿಯ ಸಂಕಟ ಅದೇ. ಎಡಗಡೆ ಗೂಡಿನವಕ್ಕೆ ಮೂರ್ಛೆರೋಗದ ಔಷಧಿಯ ಜೊತೆ ಒಂದು ನಾಟಿ ಸೊಪ್ಪಿನ ರಸ, ಬಲಗಡೆಯವಕ್ಕೆ ಬರೀ ಔಷಧಿ. ಸೊಪ್ಪು ಸೇರಿದರೆ ಔಷಧಿಯ ಮಂಪರು ಹೆಚ್ಚುತ್ತದೆಂದು ಅವಳ ಗುಮಾನಿ. ಹಾಗಿದ್ದರೆ ಸಮತೋಲ ಪರೀಕ್ಷಿಸಲು ಇಟ್ಟ ತಿರುಗುವ ಕೋಲಿನ ಮೇಲಿಂದ ಎಡಗಡೆಯವು ಬೇಗ ಬೀಳಬೇಕು, ಬಲಗಡೆಯವು ನಿಲ್ಲಬೇಕು. ಇಲ್ಲಿ ಎರಡೂ ಕಡೆಯವು ದೊಪ್ಪದೊಪ್ಪನೆ ಬಿದ್ದವು. ಸೋಮವಾರ ಪ್ರೊಫೆಸರಿಗೆ ವ್ಯತ್ಯಾಸ ತೋರಿಸದಿದ್ದರೆ ಮೂರು ತಿಂಗಳ ದುಡಿಮೆ ಮಣ್ಣುಪಾಲು.

ಬಿದ್ದವನ್ನು ಎತ್ತಿ ಗೂಡಿಗೆ ಬಿಡುತ್ತಿದ್ದವರು ಇಲಿಮಾವ. ಇಪ್ಪತ್ತು ವರ್ಷದಿಂದ ಇಲಿಗಳ ಊಟ, ಹಾಸಿಗೆ, ಶುಚಿ ಎಲ್ಲ ಅವರದೇ. ಆ ದಿನ ಅವರೂ ಮೇಜಿನ ಕಾಲಿಗೆ ಎಡವಿದರು.

"ಏನ್ ಮಾವ, ನಿಮ್ಮ ಕಾಲ್ಕೆಳಗೂ ಕೋಲು ತಿರುಗ್ತಾ ಇದೆಯಾ?"

"ನಗಬೇಡಮ್ಮ. ಎರಡು ತಿಂಗಳಿಂದ ಕಣ್ಣು ಎಳೀತಿದೆ. ಕೆಲಸದಲ್ಲಿ ತೂಕಡಿಸ್ತೀಯ ಅಂತ ಮೇಲಿನವರು ಬೈದದ್ದೂ ಆಯ್ತು."

ಅಷ್ಟರಲ್ಲಿ ಬಲಗಡೆ ಗೂಡಿನ ಹೊಟ್ಟಿನಲ್ಲಿ ಅವಳಿಗೊಂದು ಹಸಿರು ದಂಟು ಕಂಡಿತು.

"ಮಾವ, ಈ ಸೊಪ್ಪು ಇಲ್ಲಿಗೆ ಹೇಗೆ ಬಂತು?"

"ನಾನೇ ಹಾಕ್ತೀನಿ, ದಿನಾ. ರಸ ಹಿಂಡಿ ಮಿಕ್ಕ ಸೊಪ್ಪನ್ನ ನೀನು ಬಿಟ್ಟು ಹೋಗ್ತೀಯಲ್ಲ. ಎಡಗಡೆಯವು ತಿನ್ನೋವಾಗ ಬಲಗಡೆಯವು ಬಾಯಿ ಬಾಯಿ ಬಿಡಬೇಕಾ? ನಾಲ್ಕು ಮಕ್ಕಳ ಅಪ್ಪ ನಾನು. ಪಂಕ್ತಿಭೇದ ನನ್ನ ಕೈಲಾಗಲ್ಲ."

ಅವಳು ಸ್ಟೂಲಿನ ಮೇಲೆ ಕುಸಿದಳು. "ಆ ಭೇದಕ್ಕೇ ಅಲ್ವಾ ಮಾವ ನಾನು ಮೂರು ತಿಂಗಳಿಂದ ಸಾಯ್ತಿರೋದು!"

"ಮೊದಲೇ ಹೇಳಬಾರದಾ? ನಾನೇನು ಕದ್ದುಮುಚ್ಚಿ ಮಾಡಿದ್ನಾ? ಒಂದು ಹಿಡಿ ನನ್ನ ಬಾಯಿಗೂ ಹಾಕ್ಕೋತೀನಿ. ನಂಗೂ ಇದೇ ಔಷಧಿ ಕಣಮ್ಮ, ಹನ್ನೆರಡು ವರ್ಷದಿಂದ."

ಅಳಲು ಹೊರಟವಳು ಅರ್ಧಕ್ಕೇ ನಿಂತಳು. "ಹೀಗೆ ಕಣ್ಣು ಎಳೆಯೋದಕ್ಕೆ ಮುಂಚೆ, ಈ ಹನ್ನೆರಡು ವರ್ಷದಲ್ಲಿ ಎಷ್ಟು ಸಲ ಎಡವಿದ್ರಿ?"

"ಒಂದು ಸಲವೂ ಇಲ್ಲ."

"ಸೊಪ್ಪು ಶುರು ಮಾಡಿದ್ದು ಯಾವಾಗ?"

"ಎರಡು ತಿಂಗಳು..." ಎಂದ ಇಲಿಮಾವನ ಬಾಯಿ ತೆರೆದದ್ದು ತೆರೆದೇ ಇತ್ತು.

ಆಗಲೇ ಅವರನ್ನು ವೈದ್ಯರ ಬಳಿ ಎಳೆದೊಯ್ದಳು. ರಕ್ತದಲ್ಲಿ ಔಷಧಿ ಇರಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. "ಮಾತ್ರೆ ತಪ್ಪಿಸಬೇಡಿ, ಸೊಪ್ಪು ಮುಟ್ಟಬೇಡಿ," ಎಂದರು ವೈದ್ಯರು.

ಸೋಮವಾರ ಪ್ರೊಫೆಸರು ಕಥೆ ಕೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಒಬ್ಬ ಮನುಷ್ಯನಿಂದ ಏನೂ ಸಾಬೀತಾಗಲ್ಲಮ್ಮ. ಆದ್ರೆ ನಿನ್ನ ಗುಮಾನಿಗೆ ಜೀವ ಇದೆ. ಇನ್ನೂ ಮೂರು ತಿಂಗಳು ತಗೋ. ಮೊದಲಿಂದ ಮಾಡು."

ಈ ಸಲ ಬಲಗಡೆಯವಕ್ಕೂ ರಸ ಬಂತು, ಬರೀ ಹುಲ್ಲಿನದು, ಅಷ್ಟೇ ಅಳತೆ. ಇಲಿಮಾವ ಎರಡು ಬಟ್ಟಲನ್ನೂ ಬೆಳಕಿಗೆ ಹಿಡಿದು, ಹೆಚ್ಚುಕಡಿಮೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಒಪ್ಪಿದರು.

ಕೋಲು ತಿರುಗಿತು. ಎಡಗಡೆಯವು ಬಿದ್ದವು, ಬಲಗಡೆಯವು ಗಟ್ಟಿಯಾಗಿ ನಿಂತವು. ಪಕ್ಕದಲ್ಲಿ ಇಲಿಮಾವ ಒಂಟಿಕಾಲಲ್ಲಿ ನಿಂತಿದ್ದರು.

"ಬರ್ಕೋಮ್ಮ," ಎಂದರು. "ನಾನೀಗ ಬಲಗಡೆ ಗೂಡಿನವನು."