ಭಾವ ಕಟ್ಟಿಕೊಟ್ಟ ಚೀಲ

ಭಾವ ವಿಮಾನ ಹತ್ತಿದ್ದು ಜನ್ಮದಲ್ಲಿ ಒಂದೇ ಸಲ. ಆ ಒಂದು ಸಲದ ಜಂಬ ಏಳು ವರ್ಷವಾದರೂ ಇಳಿದಿರಲಿಲ್ಲ. ಮಗಳ ಬಾಣಂತನಕ್ಕೆ ಅವನ ಹೆಂಡತಿ ಮೊದಲೇ ಹೋಗಿದ್ದಳು. ಮಗು ನೋಡಲು ಹೊರಟ ನಾದಿನಿಯನ್ನು, ಬಟ್ಟೆ ಹೊಲಿದು ಬದುಕುವ ಆ ಹೆಂಗಸನ್ನು, ಕರೆದೊಯ್ಯುವ ಭಾರ ಈ ಮಹಾನುಭಾವನ ಹೆಗಲಿಗೆ ಬಿದ್ದಿತ್ತು.

ಹೊರಡುವ ಮುಂಚೆ ಅವಳ ಕೈಚೀಲವನ್ನು ಮೂರು ಸಲ ಬಿಚ್ಚಿಸಿದ. ಕತ್ತರಿ ತೆಗೆಸಿದ, ಅದು ಸರಿ. ಮಗುವಿಗೆಂದು ಅವಳು ಹೊಲಿದ ಅಂಗಿಗಳ ಗುಂಡಿಗಳನ್ನೂ ಒಂದೊಂದಾಗಿ ಒತ್ತಿ ನೋಡಿದ.

"ನಿನಗೆ ಇದೆಲ್ಲ ತಿಳಿಯಲ್ಲ. ನಾನೇ ಜೋಡಿಸಿ ಕೊಡ್ತೀನಿ, ಮುಟ್ಟಬೇಡ," ಎಂದ.

ವಿಮಾನ ನಿಲ್ದಾಣದ ತಪಾಸಣೆಯ ಯಂತ್ರದಿಂದ ಎಲ್ಲರ ಚೀಲಗಳೂ ನೆಟ್ಟಗೆ ಹೊರಬಂದವು. ಅವಳದು ಮಾತ್ರ ಪಕ್ಕಕ್ಕೆ ಸರಿಯಿತು.

"ಈ ಬ್ಯಾಗ್ ಯಾರದು?" ತಪಾಸಣೆಯ ಹೆಂಗಸು ಕೇಳಿದಳು.

ಭಾವ ಎರಡು ಹೆಜ್ಜೆ ಹಿಂದೆ ಸರಿದ. "ಇವಳದು ಮೇಡಂ. ಬಡ್ಕೊಂಡೆ, ಕೇಳಿದ್ರೆ ತಾನೇ!"

ಪುಟ್ಟ ಅಂಗಿಗಳ ಅಡಿಯಿಂದ ಅರ್ಧ ಲೀಟರಿನ ಬಾಟಲಿ ಹೊರಬಂತು. ಬೋಳುತಲೆಯಲ್ಲಿ ಕೂದಲು ಬರಿಸುವ ಎಣ್ಣೆ. ಹೆಂಗಸು ಬಾಟಲಿ ನೋಡಿದಳು, ಸೊಂಟದವರೆಗೆ ಇಳಿದಿದ್ದ ನಾದಿನಿಯ ಜಡೆ ನೋಡಿದಳು.

"ನಿಮ್ಮದಾ?"

ಭಾವ ತನ್ನ ಬೋಳುತಲೆ ಮೇಲೆತ್ತಿ ಚಾವಣಿಯ ದೀಪಗಳನ್ನು ಪರೀಕ್ಷಿಸುತ್ತಿದ್ದ. ಅಕ್ಕನಿಗಾಗಿ ಇಷ್ಟು ವರ್ಷ ಎಲ್ಲ ನುಂಗಿಕೊಂಡಿದ್ದ ನಾದಿನಿ ಈ ಸಲ ನುಂಗಲಿಲ್ಲ.

"ನನ್ನದಲ್ಲ. ಚೀಲ ಕಟ್ಟಿದ್ದು ಅವರು."

ಹೆಂಗಸಿನ ದನಿ ಗಡುಸಾಯಿತು. "ಸರ್, ಬನ್ನಿ ಈಚೆ. ಇಷ್ಟು ದೊಡ್ಡ ಬಾಟಲಿ ಬಿಡಲ್ಲ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿಲ್ಲ ಎಂದಿದ್ದರೆ ಬಚಾವಾಗುತ್ತಿದ್ದ. ಆದರೆ ಆ ಮಾತು ಅವನ ಬಾಯಿಗೆ ರೂಢಿಯೇ ಇಲ್ಲ.

"ಗೊತ್ತು, ಗೊತ್ತು. ನಾನು ಮುಂಚೆ ಬಂದಿದ್ದೀನಿ..."

"ಗೊತ್ತಿದ್ದೂ ಇನ್ನೊಬ್ಬರ ಚೀಲಕ್ಕೆ ಹಾಕಿದ್ರಾ?"

ಆಮೇಲೆ ಅವನ ಚೀಲದ ಕರುಳನ್ನೇ ಹೊರಗೆಳೆದರು. ಬೆಲ್ಟು ಬಿಚ್ಚಿಸಿದರು, ಬೂಟು ಕಳಚಿಸಿದರು. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ತೂತುಬಿದ್ದ ಕಾಲುಚೀಲದಲ್ಲಿ ನಿಂತು, "ಇನ್ನೂ ಸೀಲ್ ಒಡೆದಿಲ್ಲ ಮೇಡಂ" ಎಂದು ಗೋಗರೆದ. ಎಣ್ಣೆ ಕಸದ ಡಬ್ಬಿಗೆ ಧೊಪ್ಪನೆ ಬಿತ್ತು.

ನಾದಿನಿ ಅಂಗಿಗಳನ್ನು ಕೊಡವಿ, ಮತ್ತೆ ಮಡಚಿ, ಚೀಲವನ್ನು ತಾನೇ ಜೋಡಿಸಿಕೊಂಡಳು. ಭಾವ ಬೆಲ್ಟು ಸಿಕ್ಕಿಸಿಕೊಳ್ಳುತ್ತ ಹತ್ತಿರ ಬಂದ.

"ಅಕ್ಕಂಗೆ ಹೇಳಬೇಡ ಕಣೇ."

"ಯಾಕೆ ಹೇಳ್ಲಿ ಭಾವ? ಇಪ್ಪತ್ತಾರು ವರ್ಷ ನಿಮ್ಮ ಜೊತೆ ಬಾಳಿದ್ದಾಳೆ. ಅವಳಿಗೆ ಹೇಳೋಕೆ ಇದರಲ್ಲಿ ಹೊಸದೇನಿದೆ?"